ಮುದ್ದೆ ಪಾತ್ರೆಗೊಂದು ಹಿಡಿತ, ಕಬ್ಬಿನ ಗಾಡಿಗೊಂದು ಕೆಂಪು ಪಟ್ಟಿ

ಓದುಗರ ಉಪಾಯಗಳಿಗೆ ಮೈಸೂರಿನ ನಿವೃತ್ತ ಐಟಿಐ ಫಿಟ್ಟರ್ ಬೋಧಕರ ಉತ್ತರ

ಮನೆಯಲ್ಲಿ, ಹೊಲದಲ್ಲಿ, ದಾರಿಯಲ್ಲಿ ನಿತ್ಯ ಎದುರಾಗುವ ತೊಂದರೆಗೆ ನೀವೇ ಯೋಚಿಸಿದ ಪರಿಹಾರವನ್ನು ಬರೆದು ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಈ ಸಲದ ಅಂಚೆಯಲ್ಲಿ ಮಂಡ್ಯ ಜಿಲ್ಲೆಯ ಪತ್ರಗಳೇ ಹೆಚ್ಚು. ಯಂತ್ರದ ಚಿತ್ರ ಬರೆದು ಕಳಿಸಿದವರು ಬಹಳ ಮಂದಿ. ತೊಂದರೆಯನ್ನು ಬಿಡಿಸಿ ಬರೆದವರು ಕಡಿಮೆ. ಯಾರ ಕೈಗೆ ನೋವು, ಯಾವ ಹೊತ್ತಿನಲ್ಲಿ, ಯಾವ ಕೆಲಸ ಮಾಡುವಾಗ ಎಂಬುದು ತಿಳಿಯದೆ ನಾನು ಉಪಕರಣದ ಮಾತನ್ನೇ ಎತ್ತಲಾರೆ. ಆದ್ದರಿಂದ ಹಾಗೆ ಬಿಡಿಸಿ ಬರೆದವರಿಗೆ ಇಲ್ಲಿ ಉದ್ದದ ಉತ್ತರ ಸಿಕ್ಕಿದೆ.

*

ಪ್ರಶ್ನೆ: ನಮ್ಮದು ಕೂಡು ಕುಟುಂಬ. ಎರಡು ಹೊತ್ತೂ ಎಂಟು ಹತ್ತು ಮುದ್ದೆ ಆಗಬೇಕು. ಹಿಟ್ಟು ತಿರುವಿ ತಿರುವಿ ಬಲಭುಜ ಸೋಲುತ್ತದೆ, ಎಡ ಮಣಿಕಟ್ಟು ರಾತ್ರಿಯೆಲ್ಲ ನೋಯುತ್ತದೆ. ಗೋಡೆಗೆ ತೂತು ಹಾಕುವ ಡ್ರಿಲ್ ಯಂತ್ರಕ್ಕೆ ಮುದ್ದೆ ಕೋಲು ಕಟ್ಟಿಕೊಡುತ್ತೇನೆ ಎನ್ನುತ್ತಾನೆ ಮಗ. ಆಗುತ್ತದೆಯೇ?
– ಗೃಹಿಣಿ, ಮದ್ದೂರು ತಾಲ್ಲೂಕು

ಉತ್ತರ: ಡ್ರಿಲ್ ಬೇಡ ತಾಯಿ. ಮಗನ ಪ್ರೀತಿ ದೊಡ್ಡದು, ಆದರೆ ಆ ಯಂತ್ರ ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಡ್ರಿಲ್ ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಮುದ್ದೆಗೆ ಬೇಕಾದದ್ದು ವೇಗವಲ್ಲ, ನಿಧಾನವಾದ ದೊಡ್ಡ ಬಲ. ಗಟ್ಟಿಯಾಗುತ್ತಿರುವ ಹಿಟ್ಟಿಗೆ ಕೋಲು ಸಿಕ್ಕಿಕೊಂಡ ಕ್ಷಣ ಕೋಲಿನ ಜೊತೆ ಪಾತ್ರೆಯೇ ತಿರುಗಲು ಶುರುಮಾಡುತ್ತದೆ. ಕುದಿಯುವ ಹಿಟ್ಟು ಮೈಮೇಲೆ ಬಿದ್ದರೆ ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎಡ ಮಣಿಕಟ್ಟಿನ ಮೇಲೆ. ಕೋಲು ತಿರುವುವುದು ಬಲಗೈ. ಎಡಗೈ ಯಾಕೆ ನೋಯಬೇಕು? ಪಾತ್ರೆ ತಿರುಗದಂತೆ ಬಟ್ಟೆ ಹಿಡಿದು ಅದುಮಿಕೊಂಡಿರುವುದು ಆ ಕೈ. ಗ್ಯಾಸ್ ಒಲೆಯ ಮೇಲಿನ ಕಬ್ಬಿಣದ ಕಡ್ಡಿಗಳ ಮೇಲೆ ಪಾತ್ರೆ ಜಾರುತ್ತದೆ. ಬಲಗೈ ಎಷ್ಟು ಬಲ ಹಾಕುತ್ತದೆಯೋ ಅಷ್ಟೇ ಬಲವನ್ನು ಎಡಗೈ ತಡೆಯಬೇಕು. ಅಂದರೆ ಒಂದು ಮುದ್ದೆಗೆ ನೀವು ಎರಡು ಕೆಲಸ ಮಾಡುತ್ತಿದ್ದೀರಿ, ಅದರಲ್ಲಿ ಒಂದು ಯಾರ ಲೆಕ್ಕಕ್ಕೂ ಬಂದಿಲ್ಲ.

ಸೌದೆ ಒಲೆಯ ಕಾಲದಲ್ಲಿ ಇದಕ್ಕೆ ವ್ಯವಸ್ಥೆ ಇತ್ತು. ಮಡಕೆಯನ್ನು ನೆಲಕ್ಕಿಳಿಸಿ, ಕವೆಗೋಲು ಕೊಟ್ಟು, ಅದನ್ನು ಕಾಲಿನಲ್ಲಿ ಅದುಮಿ ಕೂತು ತಿರುವುತ್ತಿದ್ದರು. ಪಾತ್ರೆ ಹಿಡಿಯುವ ಕೆಲಸ ಕಾಲಿನದು, ಕಾಲಿಗೆ ಇಡೀ ಮೈಯ ಭಾರದ ಬೆಂಬಲ. ಅಡುಗೆಮನೆಗೆ ಕಟ್ಟೆ ಬಂತು, ನಿಂತು ಬೇಯಿಸುವುದು ಬಂತು, ಕವೆಗೋಲು ಹಿತ್ತಲಿಗೆ ಹೋಯಿತು. ಕಾಲಿನ ಕೆಲಸ ಮಣಿಕಟ್ಟಿಗೆ ಬಿತ್ತು. ಕಟ್ಟೆ ಕಟ್ಟಿಸಿದವರಾರೂ ಇದನ್ನು ಯೋಚಿಸಲಿಲ್ಲ ಎಂದು ನನಗೆ ನಿಜವಾಗಿಯೂ ಬೇಸರವಿದೆ.

ಆದ್ದರಿಂದ ನಿಮಗೆ ಬೇಕಾದ ಉಪಕರಣ ಪಾತ್ರೆಯನ್ನು ಹಿಡಿಯುವಂಥದು, ಕೋಲು ತಿರುಗಿಸುವಂಥದಲ್ಲ. ಮಗನಿಗೆ ಹೀಗೆ ಹೇಳಿ. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ದಪ್ಪ ಹಲಗೆ ತೆಗೆದುಕೊಳ್ಳಲಿ. ಮುದ್ದೆ ಪಾತ್ರೆಗೆ ಎರಡು ಗಟ್ಟಿ ಕಿವಿ ಇರಬೇಕು. ಹಲಗೆಯ ಒಂದು ತುದಿಯ ಕಡೆ ಪಾತ್ರೆಯ ತಳ ಕೂರುವಷ್ಟು ಅಗಲದ ಕಬ್ಬಿಣದ ಬಳೆಯನ್ನು ತಿರುಪಿನಿಂದ ಕೂರಿಸಲಿ, ಪಾತ್ರೆ ಅತ್ತಿತ್ತ ಸರಿಯದಂತೆ. ಪ್ರತಿ ಕಿವಿಯ ಎರಡೂ ಪಕ್ಕಕ್ಕೆ ಒಂದೊಂದು ಕಬ್ಬಿಣದ ಗೂಟ ನಿಲ್ಲಿಸಲಿ. ಕಿವಿ ಎರಡು ಗೂಟಗಳ ನಡುವೆ ಇಳಿದು ಕೂತರೆ ಪಾತ್ರೆ ಯಾವ ಕಡೆಗೂ ತಿರುಗದು. ತಿರುಗುವ ಬಲವನ್ನು ತಡೆಯುವುದು ಗೂಟ, ಬಳೆಯಲ್ಲ. ಗೂಟ ಬಿಟ್ಟು ಬರೀ ಬಳೆ ಹಾಕಿದರೆ ಪಾತ್ರೆ ಅದರೊಳಗೇ ಸುತ್ತುತ್ತದೆ. ಹಲಗೆಯ ಇನ್ನೊಂದು ತುದಿ ಎರಡು ಪಾದ ಊರಲು ಖಾಲಿ ಇರಲಿ.

ಎಸರು ಕಾಯಿಸುವುದು, ಹಿಟ್ಟು ಬೇಯಿಸುವುದು ಒಲೆಯ ಮೇಲೆಯೇ. ತಿರುವುವಾಗ ಮಾತ್ರ ಪಾತ್ರೆಯನ್ನು ಹಲಗೆಗೆ ಇಳಿಸಿ. ನೀವು ಗಿಡ್ಡ ಸ್ಟೂಲಿನ ಮೇಲೆ ಕೂತು, ಪಾದ ಹಲಗೆಯ ಮೇಲಿಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿಯಿರಿ. ಕೋಲು ಈಗಿರುವುದಕ್ಕಿಂತ ಒಂದು ಗೇಣು ಉದ್ದವಿರಲಿ. ಬಲಭುಜದ ಅರ್ಧ ಭಾರವನ್ನು ಎಡಭುಜ ಹೊರುತ್ತದೆ, ಮಣಿಕಟ್ಟಿಗೆ ಬಿಡುವು ಸಿಗುತ್ತದೆ. ಮಂಡಿ ನೋವಿರುವವರು ಇದೇ ಹಲಗೆಯನ್ನು ಗೋಡೆಗೆ ಒತ್ತಿಕೊಂಡ, ಮೊಣಕಾಲೆತ್ತರದ ಮೇಜಿಗೆ ಬಿಗಿದುಕೊಳ್ಳಬಹುದು. ಕಟ್ಟೆಯ ಎತ್ತರ ಮಾತ್ರ ಬೇಡ, ಅಲ್ಲಿ ಮೇಲಿನಿಂದ ಅದುಮಲು ಮೈಯ ಭಾರ ಒದಗುವುದಿಲ್ಲ.

ಮಾಡಿದ ಮೇಲೆ ನೀವೊಬ್ಬರೇ ಬಳಸಬೇಡಿ. ಪಕ್ಕದ ಮನೆಯವರಿಗೆ ಒಂದು ವಾರ ಕೊಡಿ, ಹೇಗೆ ಬಳಸಬೇಕೆಂದು ಹೇಳಿಕೊಡಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕು. ನನಗೂ ಬರೆಯಿರಿ, ಅಳತೆಯ ಸಮೇತ ಇಲ್ಲಿ ಅಚ್ಚು ಹಾಕುತ್ತೇನೆ.

*

ಪ್ರಶ್ನೆ: ಮಹಡಿ ಮೇಲಿನ ಟ್ಯಾಂಕಿನ ನೀರಿನ ಮಟ್ಟ ತೋರಿಸಲು ಮೂರು ದೀಪಗಳ ಸಲಕರಣೆ ಮಾಡಿದ್ದೇನೆ. ಟ್ಯಾಂಕಿನೊಳಗೆ ನಾಲ್ಕು ತಾಮ್ರದ ತಂತಿ, ಕೆಳಗೆ ಬ್ಯಾಟರಿ, ಟ್ರಾನ್ಸಿಸ್ಟರ್, ತುಂಬಿದಾಗ ಕೂಗುವ ಬಜರ್. ಮೊದಲು ಚೆನ್ನಾಗಿತ್ತು. ಈಗ ಒಂದು ತಂತಿ ಹಸಿರುಗಟ್ಟಿ ಸವೆದಿದೆ, ಇನ್ನೊಂದಕ್ಕೆ ಬಿಳಿ ಪುಡಿ ಮೆತ್ತಿದೆ. ದೀಪ ಹತ್ತುವುದಿಲ್ಲ. ನೀರಿನ ದೋಷವೇ?
– ವಿಜಯನಗರ, ಮೈಸೂರು

ಉತ್ತರ: ನೀರು ನೀರಿನ ಕೆಲಸ ಮಾಡಿದೆ. ನೀವು ನಿಮಗೆ ಗೊತ್ತಿಲ್ಲದೆ ಟ್ಯಾಂಕಿನೊಳಗೆ ವಿದ್ಯುಲ್ಲೇಪನದ ತೊಟ್ಟಿಯನ್ನೇ ಇಟ್ಟಿದ್ದೀರಿ. ಬ್ಯಾಟರಿಯ ನೇರ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ನೀರಿನ ಮೂಲಕ ಹರಿಯುವಾಗ, ಧನ ತುದಿಗೆ ಸೇರಿದ ತಾಮ್ರ ಕರಗಿ ನೀರಿಗೆ ಇಳಿಯುತ್ತದೆ. ಹಸಿರುಗಟ್ಟಿರುವುದು ಅದು. ಋಣ ತುದಿಯ ಸುತ್ತ ನೀರು ಕ್ಷಾರವಾಗುತ್ತದೆ, ಗಡಸು ನೀರಿನ ಸುಣ್ಣ ಅಲ್ಲಿ ಬಿಳಿಯಾಗಿ ಕೂರುತ್ತದೆ. ಆ ಸುಣ್ಣ ವಿದ್ಯುತ್ತನ್ನು ಹಾಯಗೊಡುವುದಿಲ್ಲವಾದ್ದರಿಂದ ದೀಪ ಮಂಕಾಗಿ ಆರಿತು. ಕೊಳವೆಬಾವಿಯ ನೀರಾಗಿದ್ದರೆ ಇದು ಇನ್ನೂ ಬೇಗ ಆಗುತ್ತಿತ್ತು.

ನಿಮ್ಮ ಚಿತ್ರ ನೋಡಿದೆ. ತಳದ ತಂತಿಗಳು ಹಗಲೂ ರಾತ್ರಿ ನೀರಿನಲ್ಲೇ ಇವೆ, ಅವುಗಳಲ್ಲಿ ಹಗಲೂ ರಾತ್ರಿ ವಿದ್ಯುತ್ತು ಹರಿಯುತ್ತಿದೆ. ನೀರೆಷ್ಟಿದೆ ಎಂದು ನೀವು ನೋಡುವುದು ದಿನಕ್ಕೆ ಎರಡು ಸಲವೋ ಮೂರು ಸಲವೋ. ಹಾಗಾದರೆ ಒಂದು ಒತ್ತುಗುಂಡಿ ಹಾಕಿ. ಗುಂಡಿ ಒತ್ತಿದಾಗ ಮಾತ್ರ ವಿದ್ಯುತ್ತು ಹರಿಯಲಿ, ದೀಪ ಹತ್ತಲಿ, ಬಿಟ್ಟ ಕೂಡಲೇ ಆರಲಿ. ಬ್ಯಾಟರಿಯೂ ಬಹುಕಾಲ ಬರುತ್ತದೆ. ತಾಮ್ರದ ಬದಲು ತುಕ್ಕು ಹಿಡಿಯದ ಸ್ಟೀಲ್ ಸರಳು ಹಾಕಿ, ತಾಮ್ರ ಕರಗಿದ ನೀರನ್ನು ಮನೆಮಂದಿ ಬಳಸುವುದು ಬೇಡ.

ಟ್ಯಾಂಕ್ ತುಂಬಿದಾಗ ಕೂಗುವ ಬಜರ್‌ಗೆ ನೀರಿನ ಮೂಲಕ ವಿದ್ಯುತ್ತು ಹರಿಸುವ ಅಗತ್ಯವೇ ಇಲ್ಲ. ಸಣ್ಣ ಆಯಸ್ಕಾಂತ ಅಂಟಿಸಿದ ತೇಲುಬುರುಡೆ, ಅದರ ಪಕ್ಕದ ಮುಚ್ಚಿದ ಕೊಳವೆಯೊಳಗೆ ರೀಡ್ ಸ್ವಿಚ್. ಗಾಜಿನ ಕಡ್ಡಿಯೊಳಗೆ ಎರಡು ತೆಳು ನಾಲಗೆಗಳು ಇರುತ್ತವೆ, ಆಯಸ್ಕಾಂತ ಹತ್ತಿರ ಬಂದರೆ ಅವು ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ನೀರು ಎಲ್ಲಿಯೂ ಅದಕ್ಕೆ ತಾಗುವುದಿಲ್ಲ. ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸ್ವಿಚ್ಚಿನ ತುದಿಯ ಲೋಹದ ಕಾಲು ಬಗ್ಗಿಸುವಾಗ ಗಾಜು ಒಡೆಯುತ್ತದೆ, ಗಾಜಿನ ಬುಡದ ಹತ್ತಿರ ಆ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡು ಬಗ್ಗಿಸಿ.

ಮೋಟರನ್ನೂ ತಾನಾಗಿ ನಿಲ್ಲಿಸುವ ಆಸೆ ಇದೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ, ನಿಲ್ಲಿಸುವ ಸ್ವಿಚ್) ಮೂಲಕವೇ ಮಾಡಿ, ಮನೆಯ 230 ವೋಲ್ಟ್ ತಂತಿಯನ್ನು ಟ್ಯಾಂಕಿನ ಹತ್ತಿರಕ್ಕೆ ಒಯ್ಯಬೇಡಿ. ಈ ಒಂದು ಮಾತಿನಲ್ಲಿ ರಾಜಿ ಇಲ್ಲ.

*

ಪ್ರಶ್ನೆ: ಬೆಳಿಗ್ಗೆ ಐದಕ್ಕೆ ಏಳಬೇಕು. ಮೊಬೈಲ್ ಅಲಾರಂ ಆರಿಸಿ ಮತ್ತೆ ಮಲಗಿಬಿಡುತ್ತೇನೆ. ಏನಾದರೂ ಉಪಾಯ?
– ಪಿಯುಸಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೂ ಎಳೆಯ ವಯಸ್ಸಿನಲ್ಲಿ ಇದೇ ತೊಂದರೆ ಇತ್ತು. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಕಟ್ಟಿದರು. ಅಲಾರಂ ಹೊಡೆದು ಕೀಲಿ ತಿರುಗಿದಂತೆ ದಾರ ಸುತ್ತಿಕೊಂಡು ಬಾಟಲಿ ವಾಲಿ, ಮುಖದ ಮೇಲೆ ನೀರು. ಮುಂದೆ ಅವರೇ ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಯಂತ್ರ, ಬಿತ್ತನೆಯ ಕೂರಿಗೆ, ಕಬ್ಬು ನೆಡುವ ಯಂತ್ರಗಳನ್ನು ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ನೀನು ಬಾಟಲಿಯಿಂದಲೇ ಶುರುಮಾಡು, ಹಾಸಿಗೆಯ ಪಕ್ಕದಲ್ಲಿ ವಿದ್ಯುತ್ ಪ್ಲಗ್ ಇಲ್ಲದ ಕಡೆ.

*

ಪ್ರಶ್ನೆ: ಮೋಟರ್‌ಗೆ ಬೆಲ್ಟ್ ಹಾಕಿ ಡೈನಮೊ ತಿರುಗಿಸುತ್ತೇನೆ. ಡೈನಮೊದ ವಿದ್ಯುತ್ತಿನಿಂದ ಅದೇ ಮೋಟರ್ ಓಡುತ್ತದೆ. ಒಮ್ಮೆ ಶುರುವಾದರೆ ಕರೆಂಟ್ ಬೇಡವೇ ಬೇಡ, ಗದ್ದೆಗೆ ಇಪ್ಪತ್ನಾಲ್ಕು ಗಂಟೆ ನೀರು. ಹಣ ಹಾಕುವವರು ಸಿಕ್ಕಿದ್ದಾರೆ. ನಿಮ್ಮ ಅಭಿಪ್ರಾಯ?
– ರೈತರು, ಮಳವಳ್ಳಿ ತಾಲ್ಲೂಕು

ಉತ್ತರ: ಹಣ ಹಾಕುವವರಿಗೆ ಇಂದೇ ಬೇಡವೆಂದು ಹೇಳಿ ಅಣ್ಣ. ಇದು ಓಡುವುದಿಲ್ಲ. ಜಗತ್ತಿನಲ್ಲಿ ಯಾರೂ ಓಡಿಸಿಲ್ಲ, ಓಡಿಸಲಾಗದು.

ಲೆಕ್ಕ ನೋಡಿ. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಅಷ್ಟು ಕೆಲಸ ಕೊಡಲು ಸಣ್ಣ ಮೋಟರ್ ಸುಮಾರು 1,000 ವಾಟ್ ಕುಡಿಯುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ 746ರಲ್ಲಿ ಬೆಲ್ಟ್ ಸ್ವಲ್ಪ ತಿನ್ನುತ್ತದೆ, ಡೈನಮೊ ಸ್ವಲ್ಪ ತಿನ್ನುತ್ತದೆ, ಕೊನೆಗೆ ತಂತಿಗೆ ಬರುವುದು 600ಕ್ಕಿಂತ ಕಡಿಮೆ. ಮೋಟರ್‌ಗೆ ಬೇಕಾದದ್ದು 1,000, ನಿಮ್ಮ ಕೈಯಲ್ಲಿರುವುದು 600. ಇನ್ನೂ ಪಂಪಿಗೆ ಏನೂ ಕೊಟ್ಟಿಲ್ಲ. ಕರೆಂಟ್ ತೆಗೆದ ಕೆಲವೇ ಕ್ಷಣಗಳಲ್ಲಿ ನಿಲ್ಲುತ್ತದೆ. ದೊಡ್ಡ ಡೈನಮೊ ಹಾಕಿದರೆ ಅದನ್ನು ತಿರುಗಿಸಲು ಅಷ್ಟೇ ದೊಡ್ಡ ಬಲ ಬೇಕು. ಇಂಥದ್ದಕ್ಕೆ ಪೇಟೆಂಟ್ ಕೂಡ ಸಿಗದು. 1970ರ ಪೇಟೆಂಟ್ ಕಾಯ್ದೆಯ 3ನೇ ಕಲಮು ಪ್ರಕೃತಿಯ ನಿಯಮಕ್ಕೆ ವಿರುದ್ಧವಾದದ್ದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ.

ಆದರೆ ರಾತ್ರಿ ಪಾಳಿಯ ಕರೆಂಟಿಗೆ ಕಾದು, ಹಾವು ಹುಳುವಿನ ನಡುವೆ ಗದ್ದೆಗೆ ಹೋಗುವ ನಿಮ್ಮ ಕಷ್ಟ ನಿಜವಾದದ್ದು. ಕರೆಂಟಿಲ್ಲದೆ ಕೆಲಸ ಮಾಡುವ ವಸ್ತುಗಳೂ ನಿಜವಾಗಿ ಇವೆ. ನಿಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲೇ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಲ್ಲಿ ಬೀಳುವ ಕಾವೇರಿ ಬಲ ಕೊಟ್ಟಿತು. ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಪುಣೆ ಹತ್ತಿರದ ಖಡಕ್ವಾಸ್ಲಾದಲ್ಲಿ ಮೊದಲು ಕೂತವು, ಮುಂದೆ ನಮ್ಮ ಕನ್ನಂಬಾಡಿಗೂ ಬಂದವು. ನೀರು ಏರಿದರೆ ಅವು ತಾವಾಗಿ ತೆರೆಯುತ್ತವೆ. ತೆರೆಯುವ ಬಲ ಏರಿದ ನೀರಿನದೇ. ಇಂಥ ಕಡೆಯಲ್ಲೆಲ್ಲ ಬಲ ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಬಹುದು. ನಿಮ್ಮ ಚಿತ್ರದಲ್ಲಿ ಹಾಗೆ ತೋರಿಸಲು ಜಾಗವಿಲ್ಲ.

ನಿಮ್ಮ ಜಮೀನಿನ ಪಕ್ಕದ ಹಳ್ಳದಲ್ಲಿ ವರ್ಷದ ಬಹುಭಾಗ ನೀರು ಹರಿದು, ಒಂದೆರಡು ಮೀಟರ್ ಇಳಿಜಾರು ಇದ್ದರೆ ಹೈಡ್ರಾಲಿಕ್ ರ‍್ಯಾಮ್ ಎಂಬ ಪಂಪನ್ನು ವಿಚಾರಿಸಿ. ಇದು ಇನ್ನೂರು ವರ್ಷಕ್ಕೂ ಹಳೆಯದು. ಎರಡು ಕವಾಟ, ಒಂದು ಗಾಳಿ ತುಂಬಿದ ಪಾತ್ರೆ, ಅಷ್ಟೇ. ಕೊಳವೆಯಲ್ಲಿ ರಭಸವಾಗಿ ಬರುವ ನೀರಿಗೆ ಕವಾಟ ತಟ್ಟನೆ ಮುಚ್ಚಿಕೊಂಡಾಗ ಏಳುವ ಒತ್ತಡ ಸ್ವಲ್ಪ ನೀರನ್ನು ಮೇಲಕ್ಕೆ ತಳ್ಳುತ್ತದೆ. ಎರಡು ಮೀಟರ್ ಇಳಿಯುವ 100 ಲೀಟರ್ ನೀರಿನಲ್ಲಿ ಸುಮಾರು 10 ಲೀಟರ್ 12 ಮೀಟರ್ ಎತ್ತರಕ್ಕೆ ಏರುತ್ತದೆ, ಉಳಿದದ್ದು ಕೆಳಗೆ ಹರಿದು ಹೋಗುತ್ತದೆ. ಭತ್ತಕ್ಕೆ ಸಾಲದು. ತೆಂಗಿನ ಸಸಿ, ತರಕಾರಿ, ದನದ ತೊಟ್ಟಿಗೆ ಸಾಕು. ನಾಲೆಯ ನೀರಿಗಾದರೆ ನೀರಾವರಿ ಇಲಾಖೆಯ ಅನುಮತಿ ಬೇಕು.

*

ಪ್ರಶ್ನೆ: ನನ್ನ ಬಳಿ ಒಂದು ಉಪಾಯವಿದೆ. ಏನೆಂದು ನಿಮಗೂ ಹೇಳಲಾರೆ. ಮೊದಲು ಪೇಟೆಂಟ್ ಮಾಡಿಸಬೇಕು. ಹೇಗೆ, ಎಷ್ಟು ಖರ್ಚು?
– ದ್ವಿಚಕ್ರ ವಾಹನ ಮೆಕ್ಯಾನಿಕ್, ಮೈಸೂರು

ಉತ್ತರ: ಹೇಳದೆ ಇರುವುದು ಸರಿ. ಅರ್ಜಿ ಹಾಕುವ ಮೊದಲು ವಿಡಿಯೊ ಮಾಡಿ ಎಲ್ಲರಿಗೂ ತೋರಿಸಿದರೆ ಹೊಸತನ ಹೋಯಿತೆಂದು ಅರ್ಜಿ ಬಿದ್ದುಹೋಗಬಹುದು. ಆದರೆ ಉಪಾಯಕ್ಕೆ ಪೇಟೆಂಟ್ ಇಲ್ಲ. ಆ ಕೆಲಸವನ್ನು ತಿಳಿದ ಇನ್ನೊಬ್ಬ ಮೆಕ್ಯಾನಿಕ್ ನಿಮ್ಮ ಬರಹ ಓದಿ ಅದನ್ನು ಮಾಡಿಕೊಳ್ಳುವಷ್ಟು ವಿವರ ಬರೆಯಬೇಕು. ಮಾಡಿ ನೋಡದವನಿಗೆ ಆ ವಿವರ ಬರೆಯಲು ಬರುವುದಿಲ್ಲ.

ವ್ಯಕ್ತಿಯೊಬ್ಬ ಆನ್‌ಲೈನಿನಲ್ಲಿ ಹಾಕುವ ಅರ್ಜಿಗೆ ಸರ್ಕಾರದ ಶುಲ್ಕ 1,600 ರೂಪಾಯಿ, ಪರೀಕ್ಷೆ ಮಾಡಿ ಎಂಬ ಕೋರಿಕೆಗೆ ಬೇರೆ 4,000. ವಕೀಲರ ಅಥವಾ ಏಜೆಂಟರ ಸಂಭಾವನೆ ಇದಕ್ಕೆ ಸೇರಿಲ್ಲ, ದೊಡ್ಡ ಖರ್ಚು ಅದೇ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಆ ಹನ್ನೆರಡು ತಿಂಗಳನ್ನು ಗ್ಯಾರೇಜಿನಲ್ಲಿ ಕಳೆಯಿರಿ. ಸಿಕ್ಕರೆ ಹಕ್ಕು ಅರ್ಜಿಯ ದಿನದಿಂದ 20 ವರ್ಷ. ಗೊತ್ತಿರುವ ಎರಡು ವಸ್ತುಗಳನ್ನು ಪಕ್ಕಪಕ್ಕ ಜೋಡಿಸಿ, ಎರಡೂ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿದ್ದರೆ ಅದಕ್ಕೆ ಪೇಟೆಂಟ್ ಇಲ್ಲ. ಹೊಸತು ಬರೀ ಆಕಾರದಲ್ಲಿದ್ದರೆ ವಿನ್ಯಾಸ ನೋಂದಣಿ ಸಾಕು, ಅದರ ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು.

ಖರ್ಚಿಗೆ ಮೊದಲು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹಳೆಯ ಅರ್ಜಿಗಳನ್ನು ಹುಡುಕಿ ನೋಡಿ, ಅದಕ್ಕೆ ಶುಲ್ಕವಿಲ್ಲ. ಓದು ಕಡಿಮೆ ಇದ್ದು ಕೈಕೆಲಸದಿಂದಲೇ ಹೊಸದನ್ನು ಕಂಡುಕೊಂಡವರಿಗೆ ನೆರವಾಗಲೆಂದೇ ಗುಜರಾತಿನಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಇದೆ, 2000ರಲ್ಲಿ ಶುರುವಾದದ್ದು. ಅಲ್ಲಿಗೆ ಬರೆಯಿರಿ, ಕನ್ನಡದಲ್ಲೇ ಬರೆಯಲು ಹಿಂಜರಿಯಬೇಡಿ.

*

ಪ್ರಶ್ನೆ: ರಾತ್ರಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಗಾಡಿ ಹಿಂದಿನಿಂದ ಕಾಣುವುದಿಲ್ಲ. ನಮ್ಮ ಮಾವನ ಬೈಕ್ ಹೋಗಿ ಗುದ್ದಿತು, ಕಾಲು ಮುರಿಯಿತು. ಗಾಡಿಯ ಹಿಂದೆ ಹಳೆಯ ಸಿಡಿಗಳನ್ನು ಕಟ್ಟಿದರೆ ಬೈಕಿನ ಲೈಟಿಗೆ ಹೊಳೆಯುತ್ತದೆ ಅಲ್ಲವೇ?
– ಎಂಟನೆಯ ತರಗತಿ ವಿದ್ಯಾರ್ಥಿನಿ, ಪಾಂಡವಪುರ ತಾಲ್ಲೂಕು

ಉತ್ತರ: ಮಗು, ಈ ತಿಂಗಳು ಬಂದ ಪತ್ರಗಳಲ್ಲಿ ನಿನ್ನದೇ ಎಲ್ಲಕ್ಕಿಂತ ಮುಖ್ಯ. ಇದರಲ್ಲಿ ಜೀವ ಉಳಿಸುವ ಮಾತಿದೆ.

ಸಿಡಿ ಹೊಳೆಯುತ್ತದೆ, ನಿಜ. ಆದರೆ ಅದು ಕನ್ನಡಿ. ಕನ್ನಡಿಗೆ ಬೆಳಕು ಓರೆಯಾಗಿ ಬಿದ್ದರೆ ಓರೆಯಾಗಿಯೇ ಇನ್ನೊಂದು ಕಡೆಗೆ ಹೋಗುತ್ತದೆ. ಸಿಡಿ ದಾರದಲ್ಲಿ ತೂಗಾಡುತ್ತಿದ್ದರೆ ಅದರ ಹೊಳಪು ಗದ್ದೆಗೆ ಹೋಗುವುದೇ ಹೆಚ್ಚು, ಬೈಕಿನವರ ಕಣ್ಣಿಗೆ ಬರುವುದು ಅಪರೂಪ. ನಮಗೆ ಬೇಕಾದದ್ದು ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ಹಿಂತಿರುಗಿಸುವ ವಸ್ತು. ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆಯನ್ನು ಹತ್ತಿರದಿಂದ ನೋಡು. ಒಳಗೆ ಸಾಲುಸಾಲಾಗಿ ಪುಟ್ಟ ಪುಟ್ಟ ಮೂಲೆಗಳು ಕಾಣುತ್ತವೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಕೂಡುವ ಹಾಗೆ ಮೂರು ಮುಖಗಳು ಲಂಬವಾಗಿ ಕೂಡಿರುತ್ತವೆ. ಬೆಳಕು ಮೂರಕ್ಕೂ ತಾಗಿ ಬಂದ ದಾರಿಯಲ್ಲೇ ವಾಪಸಾಗುತ್ತದೆ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕದಲ್ಲೂ ಇದೇ ಮೂಲೆಗಳಿವೆ. ಭೂಮಿಯಿಂದ ಲೇಸರ್ ಬಿಟ್ಟರೆ ಭೂಮಿಗೇ ಬರುತ್ತದೆ.

ನೀನೇ ಪರೀಕ್ಷೆ ಮಾಡು. ಕತ್ತಲಾದ ಮೇಲೆ ಅಂಗಳದ ಗೋಡೆಗೆ ಒಂದು ಸಿಡಿ, ಒಂದು ಸೈಕಲ್ ಬಿಲ್ಲೆ ಅಂಟಿಸು. ಟಾರ್ಚನ್ನು ಕಿವಿಯ ಪಕ್ಕ ಹಿಡಿದುಕೊಂಡು ಇಪ್ಪತ್ತು ಹೆಜ್ಜೆ ದೂರದಿಂದ ನೋಡು. ನೇರವಾಗಿ, ಆಮೇಲೆ ಎಡಕ್ಕೆ ಸರಿದು, ಬಲಕ್ಕೆ ಸರಿದು. ಯಾವಾಗ ಯಾವುದು ಕಂಡಿತು ಎಂದು ಬರೆದಿಡು. ದೊಡ್ಡವರೊಬ್ಬರು ಜೊತೆಗಿರಲಿ.

ಇನ್ನು ಗಾಡಿಯ ವಿಷಯ. ಟ್ರೇಲರ್‌ಗೆ ಹಿಂದೆ ದೀಪವೋ ಬಿಲ್ಲೆಯೋ ಇದ್ದರೂ ಕಬ್ಬು ತುಂಬಿದ ಮೇಲೆ ಜಲ್ಲೆಗಳು ಹಿಂದಕ್ಕೆ ಚಾಚಿಕೊಂಡು ಅದನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಬಿಲ್ಲೆ ಗಾಡಿಗಿಂತ ಕಬ್ಬಿನ ಮೇಲೆಯೇ ಇರಬೇಕು. ಹಳೆಯ ಟಾರ್ಪಾಲಿನ್ ತುಂಡನ್ನು ಒಂದು ಗೇಣು ಅಗಲ, ಗಾಡಿಯ ಅಗಲದಷ್ಟು ಉದ್ದ ಕತ್ತರಿಸಿ, ಲಾರಿಗಳಿಗೆ ಅಂಟಿಸುವ ಕೆಂಪು ಪ್ರತಿಫಲಕ ಪಟ್ಟಿಯನ್ನು ಅದಕ್ಕೆ ಅಂಟಿಸಿ ಅಂಚು ಹೊಲಿಯಬೇಕು. ಎರಡು ತುದಿಗೆ ಹಗ್ಗ. ಕಬ್ಬು ತುಂಬಿ ಹೊರೆ ಬಿಗಿದ ಮೇಲೆ, ಹಿಂದೆ ಚಾಚಿದ ಜಲ್ಲೆಗಳ ತುದಿಗೆ ಅಡ್ಡವಾಗಿ, ಬೈಕಿನ ಹೆಡ್‌ಲೈಟ್ ಬೀಳುವ ಎತ್ತರಕ್ಕೆ ಕಟ್ಟಬೇಕು. ಧೂಳು, ಕೆಸರು ಮೆತ್ತಿದರೆ ಹೊಳಪು ಹೋಗುತ್ತದೆ, ಒರೆಸಲು ಅದಕ್ಕೇ ಒಂದು ಬಟ್ಟೆ ಕಟ್ಟಿಡು.

ನಿಜವಾದ ಕಷ್ಟ ಇನ್ನೊಂದಿದೆ, ಅದನ್ನು ನೀನು ಯೋಚಿಸಬೇಕು. ಕಾರ್ಖಾನೆಯಲ್ಲೋ ಆಲೆಮನೆಯಲ್ಲೋ ಕಬ್ಬು ಇಳಿಸುವಾಗ ಆ ಪಟ್ಟಿ ಕಬ್ಬಿನೊಂದಿಗೇ ಹೋಗಿಬಿಡುತ್ತದೆ. ಅದು ಗಾಡಿಗೆ ಮರಳಿ ಬರಬೇಕಾದರೆ ಬಿಚ್ಚುವುದು ಯಾರು, ಇಡುವುದು ಎಲ್ಲಿ? ಡ್ರೈವರ್ ಆಸನದ ಹಿಂದೆ ಒಂದು ಕೊಕ್ಕೆ ಇದ್ದರೆ? ಪಟ್ಟಿಯ ಒಂದು ತುದಿ ಗಾಡಿಗೇ ಕಾಯಂ ಬಿಗಿದಿದ್ದರೆ? ನಿಮ್ಮೂರಿನ ಗಾಡಿಯವರಲ್ಲಿ ಇಬ್ಬರು ಮೂವರನ್ನು ಕೇಳು. ಅವರು ಬೇಡ ಎಂದರೆ ಯಾಕೆ ಬೇಡ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೋ.

ನಿನ್ನ ವಿಜ್ಞಾನದ ಮೇಷ್ಟ್ರಿಗೆ ಈ ಪುಟ ತೋರಿಸು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯ ಮೂಲಕವೇ ಉಪಾಯ ಕಳಿಸಬೇಕು. ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಮೇಷ್ಟ್ರೇ, ಅರ್ಜಿಯಲ್ಲಿ ಮಗುವಿನ ವಾಕ್ಯಗಳನ್ನು ತಿದ್ದಿ ದೊಡ್ಡವರ ಮಾತು ಮಾಡಬೇಡಿ. ಅಂಗಳದ ಪರೀಕ್ಷೆಯಲ್ಲಿ ಅವಳು ಬರೆದಿಟ್ಟದ್ದನ್ನು ಹಾಗೆಯೇ ಲಗತ್ತಿಸಿ. ಕಬ್ಬು ಅರೆಯುವ ಕಾಲಕ್ಕೆ ಮುಂಚೆ ಒಂದು ಪಟ್ಟಿಯಾದರೂ ಹೊಲಿದು, ಊರಿನ ಒಂದು ಗಾಡಿಗೆ ಕಟ್ಟಿಸಿ. ಅದು ಎಷ್ಟು ಸಲ ಮರಳಿ ಬಂತೆಂದು ಮಗು ನನಗೆ ಬರೆಯಲಿ.